ಕಿವಿಗೆ ಪ್ಲಗ್ ಹಾಕಿದರೆ ಹಿಂದಿನ ಬಸ್ಸಿನ ಹಾರ್ನ್ ಕೇಳುತ್ತದಾ?

ಓದುಗರ ಪ್ರಶ್ನೆ: ದಿನಾ ಕಟಪಾಡಿಯಿಂದ ಬೈಕಂಪಾಡಿಗೆ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಮನೆಗೆ ಬಂದ ಮೇಲೆ ಕಿವಿ ಗುಂಯ್ ಅನ್ನುತ್ತದೆ. ಇಯರ್‌ಪ್ಲಗ್ ಹಾಕು ಎಂದು ಗೆಳೆಯ ಹೇಳುತ್ತಾನೆ. ಹೈವೇಯಲ್ಲಿ ಕಿವಿ ಮುಚ್ಚಿಕೊಂಡು ಹೋದರೆ ಹಿಂದಿನ ಬಸ್ಸಿನ ಹಾರ್ನ್ ಕೇಳುತ್ತದಾ? ಅಪಾಯ ಅಲ್ವಾ?

ಕೇಳುತ್ತದೆ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಕೇಳದಂತೆ ಮಾಡುವ ಪ್ಲಗ್ ಇನ್ನೂ ಹುಟ್ಟಿಲ್ಲ.

ತಮಾಷೆ ಬಿಡಿ, ನಿಮ್ಮ ಭಯ ಸಹಜವೇ. ನನಗೂ ಇತ್ತು. ಒಮ್ಮೆ ಬೇಸಿಗೆಯಲ್ಲಿ ಬೈಂದೂರಿನಿಂದ ಉಡುಪಿಗೆ ಒಂದೇ ಓಟಕ್ಕೆ ಬಂದಿದ್ದೆ. ರಾತ್ರಿ ಜಗಲಿಯಲ್ಲಿ ಕೂತಾಗ ಜೀರುಂಡೆ ಜೋರಾಗಿ ಕೂಗುತ್ತಿದೆ ಅನ್ನಿಸಿತು. ಮನೆಯವರನ್ನು ಕೇಳಿದರೆ, "ಯಾವ ಜೀರುಂಡೆ?" ಅಂದರು. ಕೂಗುತ್ತಿದ್ದದ್ದು ನನ್ನ ಕಿವಿ. ಮರುವಾರವೇ ಪ್ಲಗ್ ತಂದೆ. ಹಾಕಿ ಹೈವೇ ಹತ್ತಿದ ಮೊದಲ ದಿನ ಹತ್ತು ಸಲ ಕನ್ನಡಿ ನೋಡಿದೆ. ಹಿಂದೆ ಬಂದ ಲಾರಿಯ ಹಾರ್ನ್ ಕೇಳಿತು. ಅಷ್ಟೇ ಅಲ್ಲ, ಅದು ಲಾರಿಯ ಹಾರ್ನ್ ಅಂತಲೂ ಗೊತ್ತಾಯಿತು.

ಹೇಗೆ ಅಂತೀರಾ? ಯಕ್ಷಗಾನದಲ್ಲಿ ಚೆಂಡೆಯ ಪಕ್ಕವೇ ಕೂತು ನೋಡಿದ್ದೀರಾ? ಏರು ಪದಕ್ಕೆ ಚೆಂಡೆ ಬಿದ್ದಾಗ ಭಾಗವತರ ಪದ್ಯದ ಒಂದಕ್ಷರವೂ ಹಿಡಿಯುವುದಿಲ್ಲ. ಆಗ ಬೆರಳಿನಿಂದ ಕಿವಿಯನ್ನು ಮೆಲ್ಲ ಅದುಮಿಕೊಳ್ಳಿ. ಚೆಂಡೆಯೂ ಇಳಿಯುತ್ತದೆ, ಪದ್ಯವೂ ಇಳಿಯುತ್ತದೆ, ಆದರೆ ಎರಡೂ ಬೇರೆ ಬೇರೆಯಾಗಿ ಸಿಗುತ್ತವೆ. ಜಾಸ್ತಿ ಸದ್ದಿನಲ್ಲಿ ಕಿವಿಗೆ ಒಂದು ಸದ್ದನ್ನು ಇನ್ನೊಂದರಿಂದ ಬಿಡಿಸುವುದು ಕಷ್ಟ. ಪ್ಲಗ್ ಗಾಳಿಯ ಸದ್ದನ್ನೂ ಹಾರ್ನನ್ನೂ ಒಟ್ಟಿಗೆ ತಗ್ಗಿಸುತ್ತದೆ. ಲೆಕ್ಕಕ್ಕೆ ಗಾಳಿ 95 ಡೆಸಿಬಲ್ (ಸದ್ದಿನ ಅಳತೆ), ಹಾರ್ನ್ 105 ಅಂದುಕೊಳ್ಳಿ. ಪ್ಲಗ್ 20 ಕಳೆದರೆ 75 ಮತ್ತು 85. ನಡುವಿನ ಅಂತರ ಅದೇ 10. ಪೂರ್ತಿ ಹೀಗೆಯೇ ಅಂತಲ್ಲ. ಫೋಮ್ ಪ್ಲಗ್ ದಪ್ಪ ಸದ್ದಿಗಿಂತ ಕೀಚಲು ಸದ್ದನ್ನು ಸ್ವಲ್ಪ ಹೆಚ್ಚು ನುಂಗುತ್ತದೆ. ಹಾಗಾಗಿ ಎಲ್ಲವೂ ತುಸು ಮಂಕಾಗಿ ಕೇಳುತ್ತದೆ. ಅದು ಇಷ್ಟವಾಗದವರಿಗೆ ಒಳಗೆ ಸಣ್ಣ ಫಿಲ್ಟರ್ ಇರುವ ಸಿಲಿಕೋನ್ ಪ್ಲಗ್ ಸಿಗುತ್ತದೆ. ಬೆಲೆ ಜಾಸ್ತಿ.

ಬೈಕಿನ ಸದ್ದು ಅಂದರೆ ಇಂಜಿನ್, ಸೈಲೆನ್ಸರ್ ಅಂತಲೇ ಹೆಚ್ಚಿನವರು ತಿಳಿದಿದ್ದಾರೆ. ಊರೊಳಗೆ ಅದು ಸರಿ. ಹೈವೇ ವೇಗದಲ್ಲಿ ಕಿವಿಗೆ ಹೊಡೆಯುವುದು ಗಾಳಿ. ಅದು ಹೆಲ್ಮೆಟ್ಟಿನ ಕೆಳಗೆ, ಗದ್ದ ಮತ್ತು ಕುತ್ತಿಗೆಯ ಹತ್ತಿರ ಸುಳಿ ಸುತ್ತಿ ಒಳಗೆ ನುಗ್ಗುತ್ತದೆ. ಹಾಗಾಗಿ ಎಲೆಕ್ಟ್ರಿಕ್ ಸ್ಕೂಟರಿನವರಿಗೂ ವಿನಾಯಿತಿ ಇಲ್ಲ. ದುಬಾರಿ ಹೆಲ್ಮೆಟ್ ತಲೆ ಉಳಿಸುತ್ತದೆ, ಕಿವಿಯನ್ನು ಪೂರ್ತಿ ಉಳಿಸುವುದಿಲ್ಲ. 80 ಕಿ.ಮೀ. ವೇಗದಲ್ಲಿ ಹೆಲ್ಮೆಟ್ಟಿನೊಳಗೆ 90 ಡೆಸಿಬಲ್ ದಾಟುವುದು ಮಾಮೂಲಿ. 100 ಕಿ.ಮೀ. ಮುಟ್ಟಿದರೆ ಸದ್ದೂ 100ರ ಹತ್ತಿರ ಬರುತ್ತದೆ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಶ್ ಸಂಸ್ಥೆಯ ಲೆಕ್ಕದಂತೆ 85 ಡೆಸಿಬಲ್ಲನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ.

ನಿಮ್ಮದು ಹೋಗಿ ಬರಲು ದಿನಕ್ಕೆ ಎರಡು ಗಂಟೆಯ ಆಸುಪಾಸು ಇರಬೇಕು. ಸುರತ್ಕಲ್ಲಿನ ಜಾಮ್ ಕಳೆದರೂ ಉಚ್ಚಿಲ, ಪಡುಬಿದ್ರಿ, ಮುಲ್ಕಿ ಕಡೆ ರಸ್ತೆ ಖಾಲಿ ಸಿಕ್ಕಾಗ ಕೈ ಸುಮ್ನೆ ಇರುವುದಿಲ್ಲವಲ್ಲ! ಬೈಕಂಪಾಡಿ ಅಂದಿರಿ, ಅದು ಕೈಗಾರಿಕಾ ಪ್ರದೇಶ. ಕೆಲಸ ಫ್ಯಾಕ್ಟರಿಯಲ್ಲಾದರೆ ಅಲ್ಲಿನ ಸದ್ದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ ಪ್ಲಗ್ ಕೊಡುತ್ತಿದ್ದರೆ ಒಂದು ಜೊತೆ ಬೈಕಿಗೂ ಕೇಳಿ ತನ್ನಿ.

ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ಕೋಶಗಳು, ತುದಿಯಲ್ಲಿ ಕೂದಲಿನಂಥ ಎಳೆ. ಜೋರು ಸದ್ದಿಗೆ ಇವು ಬಾಗುತ್ತವೆ, ಸುಸ್ತಾಗುತ್ತವೆ, ಕೊನೆಗೆ ಸಾಯುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಸಣ್ಣ, ಕೀಚಲು ಸದ್ದು ಹಿಡಿಯುವ ಕೋಶಗಳು. ಮಾತು ಕೇಳುತ್ತದೆ, ಸ, ಶ, ಚ ಸರಿಯಾಗಿ ಕೇಳುವುದಿಲ್ಲ. "ಎಂಚಿನ? ಎಂಚಿನ?" (ತುಳುವಿನಲ್ಲಿ ಏನು, ಏನು) ಅಂತ ಎರಡೆರಡು ಸಲ ಕೇಳಬೇಕಾಗುತ್ತದೆ.

ಪ್ಲಗ್ ಬೇಡ ಅನ್ನುವ ಜಾಗವೂ ಇದೆ. ಉಡುಪಿಯ ಕಲ್ಸಂಕದಲ್ಲೋ ಮಂಗಳೂರಿನ ಹಂಪನಕಟ್ಟೆಯಲ್ಲೋ ತೆವಳುತ್ತಿರುವಾಗ ಗಾಳಿಯ ಸದ್ದೇ ಇರುವುದಿಲ್ಲ. ಅಲ್ಲಿ ಪಕ್ಕದ ಸೈಕಲ್ ಬೆಲ್ಲೂ ಬೇಕು. ನಾನು ಬಲಾಯಿಪಾದೆಯಲ್ಲಿ ಹೈವೇ ಸೇರುವ ಮೊದಲು ಹಾಕುತ್ತೇನೆ, ಪೇಟೆಗೆ ತಿರುಗಿದಾಗ ತೆಗೆಯುತ್ತೇನೆ. ಈಗಾಗಲೇ ಕಿವಿ ಮಂದವಾದವರು, ಕಿವಿ ಸೋರುವವರು, ಕಿವಿಯ ತಮಟೆ ತೂತಾದವರು ವೈದ್ಯರನ್ನು ಕೇಳದೆ ಹಾಕಬಾರದು. ಇನ್ನೊಂದು ಮೋಸ ಇದೆ. ಗಾಳಿಯ ಅಬ್ಬರ ಇಳಿದಾಗ 90ರಲ್ಲಿ ಹೋಗುತ್ತಿದ್ದರೂ 60 ಅನ್ನಿಸುತ್ತದೆ. ಸ್ಪೀಡೋಮೀಟರ್ ನೋಡುತ್ತಿರಿ. ಕನ್ನಡಿಯನ್ನೂ ನೋಡಿ, ಅಂದವಾಗಿ ಕಾಣಲಿ ಅಂತ ಬಿಚ್ಚಿ ಇಟ್ಟಿಲ್ಲದಿದ್ದರೆ! ಇಯರ್‌ಫೋನ್ ಮಾತ್ರ ಇದಕ್ಕೆ ಬದಲಿ ಅಲ್ಲವೇ ಅಲ್ಲ. ಅದು ಗಾಳಿಯ ಸದ್ದಿನ ಮೇಲೆ ಇನ್ನೊಂದು ಸದ್ದು ಹೇರುತ್ತದೆ.

ಸಾದಾ ಫೋಮ್ ಪ್ಲಗ್ ಒಂದು ಜೊತೆಗೆ ಹೋಟೆಲಿನ ಬನ್ಸ್, ಚಾದ ದುಡ್ಡು ಸಾಕು. 3ಎಂ 1100 ಎಂಬ ಕಿತ್ತಳೆ ಬಣ್ಣದ್ದರ ಪೊಟ್ಟಣದ ಮೇಲೆ 29 ಡೆಸಿಬಲ್ ಅಂತ ಇರುತ್ತದೆ. ಅಷ್ಟು ಪೂರ್ತಿ ಸಿಗುವುದಿಲ್ಲ. ತಪ್ಪಾಗಿ ತುರುಕಿದರೆ ಅರ್ಧವೂ ಸಿಗುವುದಿಲ್ಲ. ಕೈ ತೊಳೆದು, ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಪೂರ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಕಿವಿಯ ದಾರಿ ನೇರವಾಗುತ್ತದೆ. ಒಳಗಿಟ್ಟು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಿಮ್ಮದೇ ಮಾತು ಕೊಡಪಾನದೊಳಗಿಂದ ಬಂದಂತೆ ಕೇಳಿದರೆ ಕೂತಿದೆ ಅಂತ ಅರ್ಥ. ಆಮೇಲೆ ಹೆಲ್ಮೆಟ್. ತುದಿ ಹೊರಗೆ ಚಾಚಿದ್ದರೆ ಹೆಲ್ಮೆಟ್ ತಾಗಿ ಹತ್ತು ನಿಮಿಷಕ್ಕೆ ಕಿವಿ ನೋಯುತ್ತದೆ. ತೆಗೆಯುವಾಗ ತಿರುಗಿಸುತ್ತಾ ಮೆಲ್ಲ ತೆಗೆಯಿರಿ.

ಕರಾವಳಿಯ ಸೆಕೆ, ಮಳೆಗೆ ಒಂದು ಎಚ್ಚರಿಕೆ. ತೇವದ ಕಿವಿಯಲ್ಲಿ ಫಂಗಸ್ ಬೇಗ ಬೆಳೆಯುತ್ತದೆ. ಸ್ನಾನ ಮಾಡಿದ ಕೂಡಲೇ ಪ್ಲಗ್ ಬೇಡ. ಕಿವಿಗೆ ಎಣ್ಣೆ ಬಿಡುವ ಅಭ್ಯಾಸವೂ ಬೇಡ. ಮಣ್ಣಾದ ಫೋಮ್ ಎಸೆದು ಹೊಸದು ತೆಗೆದುಕೊಳ್ಳಿ.

ಇನ್ನು ನಿಮ್ಮ ಗುಂಯ್. ಬೆಳಿಗ್ಗೆ ಹೊತ್ತಿಗೆ ಹೋಗುತ್ತದೆ ಅಂದರೆ ಕಿವಿ ಸುಸ್ತಾಗಿದೆ, ಪ್ಲಗ್ ಶುರು ಮಾಡಿ. ಬೆಳಿಗ್ಗೆಯೂ ಉಳಿದಿದ್ದರೆ, ಅಥವಾ ಟಿವಿಯ ಸದ್ದು ತಗ್ಗಿಸು ಅಂತ ಮನೆಯವರು ಗದರಿಸುತ್ತಿದ್ದರೆ, ಕಿವಿ ಡಾಕ್ಟರ ಹತ್ತಿರ ಹೋಗಿ ಕೇಳುವ ಶಕ್ತಿಯ ಪರೀಕ್ಷೆ ಮಾಡಿಸಿ. ದಿನಾ ಎಷ್ಟು ಹೊತ್ತು ಬೈಕಿನಲ್ಲಿರುತ್ತೀರಿ ಎಂಬುದನ್ನು ಅಲ್ಲಿ ನೀವೇ ಬಾಯಿ ಬಿಟ್ಟು ಹೇಳಿ. ಅವರು ಮೊದಲು ವಿಚಾರಿಸುವುದು ಫ್ಯಾಕ್ಟರಿಯ ಮೆಷಿನ್ನನ್ನೇ.