ಎಕೋಮ್ಯೂಸಿಯಂ: ಊರಿಗೆ ಊರನ್ನೇ ಮ್ಯೂಸಿಯಂ ಅಂದವರು

ಎಕೋಮ್ಯೂಸಿಯಂ ಎಂದ ಕೂಡಲೇ ಗಿಡಮರ, ಹಕ್ಕಿ, ಪ್ಲಾಸ್ಟಿಕ್ ನಿಷೇಧ ಇಂಥದ್ದೇನೋ ತಲೆಗೆ ಬರುವುದು ಸಹಜ. ಆದರೆ ಈ ಹೆಸರು ಹೊತ್ತ ಸಂಸ್ಥೆಗಳಲ್ಲಿ ಜಗತ್ತಿಗೆಲ್ಲ ಮಾದರಿಯಾದದ್ದು ಹುಟ್ಟಿದ್ದು ಕಬ್ಬಿಣ ಕಾಯಿಸುವ, ಕಲ್ಲಿದ್ದಲು ಅಗೆಯುವ, ಹೊಗೆ ಕಾರುವ ಸೀಮೆಯಲ್ಲಿ. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಲ ಕ್ರೂಜೊ ಮತ್ತು ಮೊಂಸೊ-ಲೆ-ಮೀನ್ ಅಂತ ಎರಡು ಊರು, ಅವುಗಳ ಸುತ್ತಲಿನ ಹಳ್ಳಿಗಳು, ಅದೇ ಆ ಸೀಮೆ. ಒಂದು ಪ್ರದೇಶದ ಜನರ ದುಡಿಮೆ ಮತ್ತು ಬದುಕಿನ ಗುರುತುಗಳನ್ನು ಕಿತ್ತು ತಂದು ಗಾಜಿನ ಪೆಟ್ಟಿಗೆಯಲ್ಲಿಡದೆ ಇದ್ದಲ್ಲೇ ಉಳಿಸಿ, ಆ ಜನರ ಕೈಯಲ್ಲೇ ನಡೆಸುವ ಸಂಗ್ರಹಾಲಯಕ್ಕೆ ಎಕೋಮ್ಯೂಸಿಯಂ ಎನ್ನುತ್ತಾರೆ. ‘ಎಕೋ’ದ ಮೂಲದಲ್ಲಿರುವ ಗ್ರೀಕ್ ಪದಕ್ಕೆ ಮನೆ, ವಾಸದ ನೆಲೆ ಎಂದರ್ಥ. ಪರಿಸರ ಎಂಬ ಅರ್ಥ ಆಮೇಲೆ ಬಂದು ಸೇರಿಕೊಂಡದ್ದು.

ಹಾಗೆಂದು ಪರಿಸರಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಪದ ಹುಟ್ಟಿದ್ದೇ ಪರಿಸರ ಸಚಿವಾಲಯದ ಒತ್ತಾಸೆಯಿಂದ. 1971ರಲ್ಲಿ ಪ್ಯಾರಿಸ್ಸಿನ ಒಂದು ಹೋಟೆಲಿನಲ್ಲಿ ಮೂವರು ಊಟಕ್ಕೆ ಕೂತಿದ್ದರು. ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿಯ ಮೊದಲ ನಿರ್ದೇಶಕರಾಗಿದ್ದ ಜಾರ್ಜ್ ಆನ್ರಿ ರಿವಿಯೇರ್, ಅವರ ನಂತರ ಆ ಕುರ್ಚಿಗೆ ಬಂದಿದ್ದ ಹ್ಯೂಗ್ ದ ವರೀನ್, ಪರಿಸರ ಸಚಿವರ ಸಲಹೆಗಾರ ಸೆರ್ಜ್ ಆಂತ್ವಾನ್. ಮಂಡಳಿಯ ಸಮ್ಮೇಳನದಲ್ಲಿ ಸಚಿವ ರೊಬೆರ್ ಪುಜಾದ್ ಮಾತನಾಡಬೇಕಿತ್ತು. ಸಲಹೆಗಾರರಿಗೆ ಮ್ಯೂಸಿಯಂ ಎಂಬ ಶಬ್ದವೇ ಧೂಳು ಹಿಡಿದದ್ದು ಅನ್ನಿಸಿತ್ತು. ಆ ಶಬ್ದ ಬಿಡಲು ಉಳಿದಿಬ್ಬರು ತಯಾರಿರಲಿಲ್ಲ. ಪರಿಸರವನ್ನು ಸೂಚಿಸುವ ‘ಎಕೋ’ವನ್ನೂ ಮ್ಯೂಸಿಯಂ ಶಬ್ದವನ್ನೂ ಕೂಡಿಸಿ ಹಲವು ಶಬ್ದ ಉರುಳಿಸುತ್ತ ಹೋದಾಗ ವರೀನ್ ಬಾಯಿಂದ ‘ಎಕೊಮ್ಯುಸೆ’ ಹೊರಬಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ತಾವೇ ಮೇಯರ್ ಆಗಿದ್ದ ದಿಜೋನ್ ನಗರದಲ್ಲಿ, ಪುಜಾದ್ ಅದನ್ನು ವೇದಿಕೆಯಿಂದ ಆಡಿದರು. ಪಂಡಿತರು ಕೂತು ಸೂತ್ರ ಬರೆದು ಕಟ್ಟಿದ ಪದವೇನಲ್ಲ ಇದು. ಮಂತ್ರಿಯ ಭಾಷಣಕ್ಕೆ ಬೇಕಾಗಿ ಬಂತು, ಅರ್ಥವನ್ನು ನಂತರ ತುಂಬಿಕೊಳ್ಳುತ್ತ ಹೋದರು.

ಅರ್ಥ ತುಂಬಿದವರಲ್ಲಿ ವರೀನ್ ಅವರೇ ಮುಖ್ಯರು. ಅವರ ಲೆಕ್ಕ ಸರಳ. ಮಾಮೂಲಿ ಮ್ಯೂಸಿಯಮ್ಮಿಗೆ ಬೇಕಾದದ್ದು ಒಂದು ಕಟ್ಟಡ, ಒಂದಿಷ್ಟು ಸಂಗ್ರಹ, ನೋಡಲು ಬರುವ ಜನ. ಎಕೋಮ್ಯೂಸಿಯಮ್ಮಿನಲ್ಲಿ ಕಟ್ಟಡದ ಜಾಗದಲ್ಲಿ ಇಡೀ ಪ್ರದೇಶ, ಸಂಗ್ರಹದ ಜಾಗದಲ್ಲಿ ಅಲ್ಲಿನ ಪರಂಪರೆ, ನೋಡುಗರ ಜಾಗದಲ್ಲಿ ಅಲ್ಲೇ ಬಾಳುವವರು. ಮೂರನೆಯದೇ ನಿಜವಾದ ಪಲ್ಲಟ ಎಂದು ನನಗೆ ಅನ್ನಿಸುತ್ತದೆ. ಮೊದಲ ಎರಡನ್ನು ಒಳ್ಳೆಯ ಪುರಾತತ್ವ ಇಲಾಖೆಯೂ ಮಾಡಬಲ್ಲದು.

ಇದನ್ನು ನೆಲದ ಮೇಲೆ ಇಳಿಸಿ ನೋಡಲು ಲ ಕ್ರೂಜೊಗಿಂತ ಕಷ್ಟದ ಜಾಗ ಸಿಗುತ್ತಿರಲಿಲ್ಲ. ನಮ್ಮ ಮನೆಗಳ ಸ್ವಿಚ್ಚು, ಎಂಸಿಬಿಗಳ ಮೇಲೆ ಕಾಣುವ ಶ್ನೈಡರ್ ಎಂಬ ಹೆಸರಿನ ಮೂಲ ಈ ಊರು. 1836ರಲ್ಲಿ ಅಡಾಲ್ಫ್ ಮತ್ತು ಯೂಜೀನ್ ಶ್ನೈಡರ್ ಸಹೋದರರು ಇಲ್ಲಿ ನಷ್ಟದಲ್ಲಿದ್ದ ಕಬ್ಬಿಣದ ಕಾರ್ಖಾನೆ ಕೊಂಡರು. ಎರಡೇ ವರ್ಷಕ್ಕೆ ಫ್ರಾನ್ಸಿನಲ್ಲೇ ತಯಾರಾದ ಮೊದಮೊದಲ ಉಗಿ ರೈಲು ಎಂಜಿನ್ನುಗಳಲ್ಲಿ ಒಂದು ಇಲ್ಲಿಂದ ಹೊರಬಂತು. ರೈಲು ಹಳಿ, ಸೇತುವೆ, ಫಿರಂಗಿ, ಯುದ್ಧನೌಕೆಯ ಉಕ್ಕಿನ ಕವಚ ಎಲ್ಲ ಇಲ್ಲಿ ಆದವು. ಮನೆ, ಶಾಲೆ, ಆಸ್ಪತ್ರೆ ಕಟ್ಟಿಸಿದ್ದು ಕಂಪನಿ. ಯಜಮಾನರ ಮನೆತನದವರೇ ಮೇಯರ್, ಅವರೇ ಸಂಸತ್ತಿನ ಸದಸ್ಯರು. ಉಂಡ ಅನ್ನದಿಂದ ಹಿಡಿದು ಹಾಕಿದ ಮತದ ತನಕ ಧಣಿಗಳ ನೆರಳು.

ಈ ಧಣಿಗಳ ಬಂಗಲೆಯೇ ಈಗ ಎಕೋಮ್ಯೂಸಿಯಮ್ಮಿನ ಕೇಂದ್ರ. ಶಾತೋ ದ ಲ ವೆರೆರಿ ಎಂದು ಹೆಸರು, ‘ಗಾಜಿನ ಕಾರ್ಖಾನೆಯ ಅರಮನೆ’ ಅಂದುಕೊಳ್ಳಿ. 18ನೇ ಶತಮಾನದ ಕೊನೆಯಲ್ಲಿ ರಾಣಿ ಮರಿ ಆಂತ್ವಾನೆತ್ ಹೆಸರಿನಲ್ಲಿ ಇಲ್ಲಿ ಸ್ಫಟಿಕದ ಗಾಜು ಮಾಡುತ್ತಿದ್ದರು. ಆ ಕಾರ್ಖಾನೆ ಮುಚ್ಚಿದ ಮೇಲೆ ಶ್ನೈಡರ್ ಮನೆತನ ಬಂದು ನೆಲೆಸಿತು. ಅಂಗಳದಲ್ಲಿ ಗಾಜು ಕರಗಿಸುತ್ತಿದ್ದ ಎರಡು ಕುಲುಮೆಗಳು, ಮೊನೆ ಮೇಲಾದ ದೊಡ್ಡ ಶಂಕುಗಳ ಹಾಗೆ, ಇಂದಿಗೂ ನಿಂತಿವೆ. 20ನೇ ಶತಮಾನದ ಆರಂಭದಲ್ಲಿ ಮನೆಯವರು ಒಂದರ ಹೊಟ್ಟೆಯಲ್ಲಿ ಅತಿಥಿಗಳಿಗಾಗಿ ಪುಟ್ಟ ರಂಗಮಂದಿರ ಮಾಡಿಸಿದರು, ಇನ್ನೊಂದನ್ನು ಪ್ರಾರ್ಥನಾ ಮಂದಿರ ಮಾಡಿಕೊಂಡರು. ಬೆಂಕಿಯ ಮುಂದೆ ಬೆವರು ಸುರಿದ ಜಾಗದಲ್ಲಿ ಚಿನ್ನದ ಬಣ್ಣದ ಅಲಂಕಾರ, ಮೆತ್ತನೆ ಆಸನ. ಹೊರಗಿನಿಂದ ನೋಡಿದರೆ ಮಾತ್ರ ಈಗಲೂ ಅದು ಕುಲುಮೆಯೇ.

ಊರಿನ ದಕ್ಷಿಣದ ಬಾಗಿಲಲ್ಲಿ, ರಸ್ತೆಗಳು ಕೂಡುವ ಕಡೆ, 1969ರಿಂದ ಒಂದು ಉಗಿ ಸುತ್ತಿಗೆ ನಿಂತಿದೆ. ಕಾರ್ಖಾನೆಯೊಳಗೆ ಇದು ಕೆಲಸಕ್ಕೆ ಇಳಿದದ್ದು 1870ರ ದಶಕದ ಕೊನೆಯಲ್ಲಿ. ನಾಲ್ಕು ಕಾಲು ಚಾಚಿ ನಿಂತ ಎರಕದ ಕಬ್ಬಿಣದ ಗೋಪುರ, ಎತ್ತರ ಸುಮಾರು 21 ಮೀಟರ್. ನಡುವೆ ಉಗಿಯ ಬಲದಿಂದ ಮೇಲೇರಿ ಕೆಳಗೆ ಬೀಳುತ್ತಿದ್ದ ಸುತ್ತಿಗೆಯ ತೂಕ 100 ಟನ್. ಅದು ಬಿದ್ದರೆ ಸುತ್ತಲ ಹಳ್ಳಿಗಳಿಗೆ ಕೇಳುತ್ತಿತ್ತಂತೆ. ಅದೇ ಸುತ್ತಿಗೆಯಿಂದ, ಒಳಗಿನ ತಿರುಳು ಜಜ್ಜದಂತೆ ಅಕ್ರೋಟಿನ ಚಿಪ್ಪು ಒಡೆಯಬಲ್ಲ ಕೈಚಳಕದ ಕೆಲಸಗಾರರಿದ್ದರು ಎಂಬ ಮಾತೂ ಇದೆ. ಒಬ್ಬ ಕಮ್ಮಾರನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕೆ? ದಿನಾ ಇದರ ಪಕ್ಕ ಹಾದುಹೋಗುವವರು ಟಿಕೆಟ್ ಕೊಂಡು ಬಂದವರಲ್ಲ, ಸಂತೆಗೆ ಹೊರಟವರು.

1970ರ ದಶಕದ ಮೊದಲಲ್ಲಿ ಮಾರ್ಸೆಲ್ ಎವ್ರಾರ್ ಮುಂದಾಳಾಗಿ, ರಿವಿಯೇರ್ ಮತ್ತು ವರೀನ್ ಜೊತೆಗೂಡಿ ಇಲ್ಲಿ ಮ್ಯೂಸಿಯಂ ಕಟ್ಟಿದಾಗ ಒಂದು ವಿಚಿತ್ರ ನಿಯಮ ಹಾಕಿಕೊಂಡರು. ಈ ಸೀಮೆಯ ಗಡಿಯೊಳಗಿರುವ ಪ್ರತಿ ವಸ್ತುವೂ, ಅಜ್ಜನ ಗಣಿ ದೀಪವಿರಲಿ, ಬೀದಿಯ ಸಾಲುಮನೆಯಿರಲಿ, ಮ್ಯೂಸಿಯಮ್ಮಿಗೆ ಮಾನಸಿಕವಾಗಿ ಸೇರಿದ್ದು. ಒಡೆತನ ಮಾತ್ರ ಮನೆಯವರದೇ. ಕೊಂಡು ತರಬೇಡಿ, ಎಲ್ಲಿದೆಯೋ ಅಲ್ಲೇ ಗುರುತಿಸಿ ಎನ್ನುವ ಧೋರಣೆ. ಆಡಳಿತಕ್ಕೂ ತಜ್ಞರ ಜೊತೆ ಬಳಕೆದಾರರ ಸಮಿತಿ ಇರಬೇಕು ಎಂದರು, ಬಳಕೆದಾರರು ಎಂದರೆ ಊರವರು.

ಹೀಗಾಗಿ ಇದರ ಭಾಗಗಳು ಒಂದೊಂದು ಕಡೆ ಚೆಲ್ಲಿಕೊಂಡಿವೆ. ಎಕ್ವೀಸ್ ಎಂಬಲ್ಲಿ ಕಾಲುವೆಯ ತೂಬು ಕಾಯುವವನ ಮನೆ. ಮೊಂಸೊದಲ್ಲಿ ಹಳೆಯ ಶಾಲೆಯ ತರಗತಿಗಳು. ಬ್ಲಾಂಜಿಯಲ್ಲಿ ಗಣಿ, ಅಲ್ಲಿ ವಿವರಿಸುವ ಕೆಲಸವನ್ನು ನಿವೃತ್ತ ಗಣಿ ಕಾರ್ಮಿಕರೇ ಕೈಗೆತ್ತಿಕೊಂಡರು. ಕಾಲುವೆ ಪಕ್ಕದ ಪೆರ್ಯೂಸೋನ್ ಬಂಗಲೆ ನನಗೆ ಇಷ್ಟ. ಹೆಂಚು ಮಾಡುವ ಕಂಪನಿಯ ಮಾಲೀಕರು ತಮ್ಮದೇ ಬಣ್ಣದ ಹೆಂಚು, ಮೆರುಗಿನ ಇಟ್ಟಿಗೆಗಳನ್ನೆಲ್ಲ ಗೋಡೆ ತುಂಬ ಹೊದಿಸಿದ ಮನೆ ಅದು. ಗಿರಾಕಿ ಬಂದರೆ ಬೇರೆ ಕ್ಯಾಟಲಾಗ್ ತೋರಿಸುವ ಅಗತ್ಯವೇ ಇರಲಿಲ್ಲ.

ತೊಡಕೂ ಇತ್ತು. ಕಾರ್ಮಿಕರ ನೆನಪನ್ನು ಧಣಿಯ ಬಂಗಲೆಯಲ್ಲಿ ಇಟ್ಟರೆ ಯಾರ ಕಥೆ ಗಟ್ಟಿಯಾಗಿ ಕೇಳುತ್ತದೆ? 1870ರಲ್ಲಿ ಕಾರ್ಮಿಕರ ಪರಿಹಾರ ನಿಧಿಯನ್ನು ಯಾರು ನಡೆಸಬೇಕು ಎಂಬ ಜಗಳದಿಂದ ಇಲ್ಲಿ ದೊಡ್ಡ ಮುಷ್ಕರವಾಯಿತು. ನೇತೃತ್ವ ವಹಿಸಿದ ಅಡಾಲ್ಫ್ ಆಸಿ ಕೆಲಸ ಕಳಕೊಂಡ, ಸೈನ್ಯ ಬಂತು. ನಿಧಿಗೆ ಹಣ ಹಾಕುವವರು ನಾವು, ಲೆಕ್ಕ ನೋಡುವವರು ನೀವೇ ಏಕೆ ಎಂಬುದು ಅವರ ತಕರಾರು. ನೂರು ವರ್ಷದ ನಂತರ ಬಂದ ಎಕೋಮ್ಯೂಸಿಯಂ, ಪರಂಪರೆಯ ವಿಷಯದಲ್ಲಿ, ಹೆಚ್ಚು ಕಡಿಮೆ ಅದೇ ತಕರಾರನ್ನು ಒಪ್ಪಿಕೊಂಡಂತಿತ್ತು. ಕಾಗದದ ಮೇಲಾದರೂ.

ಆಚರಣೆಯಲ್ಲಿ ಸಮಿತಿಗಳಲ್ಲಿ ಮೇಷ್ಟರು, ಸಂಶೋಧಕರ ದನಿಯೇ ಹೆಚ್ಚು, ಕುಲುಮೆ ಕೆಲಸದವರದು ಕಡಿಮೆ ಎಂಬ ಟೀಕೆ ಬಂತು. ಅಷ್ಟರಲ್ಲಿ ಶ್ನೈಡರ್ ಕಾರ್ಖಾನೆಗಳ ವಾರಸುದಾರ ಕ್ರೂಜೊ-ಲ್ವಾರ್ ಕಂಪನಿ 1984ರಲ್ಲಿ ದಿವಾಳಿಯೆದ್ದಿತು, ಫ್ರಾನ್ಸ್ ಅಲ್ಲಿಯ ತನಕ ಕಂಡ ಅತಿ ದೊಡ್ಡ ದಿವಾಳಿಗಳಲ್ಲಿ ಅದೊಂದು. ನಡೆಯುತ್ತಿರುವ ಕೈಗಾರಿಕೆಯ ಮ್ಯೂಸಿಯಂ ಆಗಬೇಕಿದ್ದದ್ದು ನೋಡನೋಡುತ್ತ ಹಳೆಯದರ ಮ್ಯೂಸಿಯಂ ಆಗತೊಡಗಿತು. ಊರೇನೂ ಸಾಯಲಿಲ್ಲ, ರೈಲು ಬೋಗಿಯ ಚಕ್ರದ ಚೌಕಟ್ಟುಗಳನ್ನೂ ಅಣುಸ್ಥಾವರಗಳ ಭಾರೀ ಭಾಗಗಳನ್ನೂ ಈಗಲೂ ಅಲ್ಲಿ ಮಾಡುತ್ತಾರೆ. ಮ್ಯೂಸಿಯಂ ಮಾತ್ರ ಬರಬರುತ್ತ ಸಾಮಾನ್ಯ ಮ್ಯೂಸಿಯಮ್ಮಿನ ಹಾದಿಗೆ ಬಂತು.

ಪದವೋ, ಪೋರ್ಚುಗಲ್, ಇಟಲಿ, ಬ್ರೆಜಿಲ್, ಚೀನಾ ಎಲ್ಲ ಸುತ್ತಿತು. ಹಾಗೆ ಸುತ್ತುವಾಗ ಅರ್ಥ ಸಡಿಲವಾದದ್ದೂ ಹೌದು. ಫ್ರಾನ್ಸಿನಲ್ಲೇ, ಮ್ಯುಲೂಜ್ ಹತ್ತಿರ, 1984ರಲ್ಲಿ ತೆರೆದ ಅಲ್ಸೇಸ್ ಎಕೋಮ್ಯೂಸಿಯಂ ಬಹಳ ಜನಪ್ರಿಯ. ಬೇರೆ ಬೇರೆ ಹಳ್ಳಿಗಳಲ್ಲಿ ಕೆಡವಲು ಹೊರಟಿದ್ದ ಮರದ ಚೌಕಟ್ಟಿನ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಪೊಟ್ಯಾಶ್ ಗಣಿಯ ಪಕ್ಕದ ಪಾಳುನೆಲದಲ್ಲಿ ಮತ್ತೆ ಜೋಡಿಸಿದ್ದಾರೆ. ಒಳ್ಳೆಯ ಕೆಲಸ, ಆ ಮನೆಗಳು ಉಳಿದವು. ಆದರೆ ಇದ್ದಲ್ಲೇ ಉಳಿಸಬೇಕು ಎಂಬ ಮೂಲ ಮಾತನ್ನು ಹಿಡಿದರೆ ಅದನ್ನು ಬಯಲು ಮ್ಯೂಸಿಯಂ ಎನ್ನಬೇಕೇ ಹೊರತು ಎಕೋಮ್ಯೂಸಿಯಂ ಎನ್ನುವುದು ಕಷ್ಟ. ಬೋರ್ಡಿನ ಮೇಲೆ ಎಕೋಮ್ಯೂಸಿಯಂ ಎಂದೇ ಬರೆದಿದೆ, ಜನರೂ ಹಾಗೇ ಕರೆಯುತ್ತಾರೆ.