ಕುಂಡದಲ್ಲಿ ಕಪ್ಪು ನೊರಜು: ಬೇವಿನ ಹಿಂಡಿ ಹಾಕಿದ ಮೇಲೂ ಜಾಸ್ತಿ ಆಗುತ್ತಿರುವುದು ಯಾಕೆ?

ಪ್ರಶ್ನೆ: ಮನೆಯೊಳಗೆ ಕಿಟಕಿ ಪಕ್ಕ ಇಟ್ಟಿರುವ ಕುಂಡಗಳಿಂದ ಸಣ್ಣ ಕಪ್ಪು ನೊಣಗಳು ಏಳ್ತಾ ಇವೆ. ನೀರು ಹಾಕಿದ ತಕ್ಷಣ ಗುಂಪಾಗಿ ಮೇಲೆ ಬರ್ತವೆ. ಕೆದಕಿ ನೋಡಿದ್ರೆ ಮಣ್ಣಲ್ಲಿ ಬಿಳಿ ಹುಳಗಳೂ ಇವೆ. ನರ್ಸರಿಯವರು ಹೇಳಿದ ಹಾಗೆ ಬೇವಿನ ಹಿಂಡಿ ಹಾಕಿದೆ, ಕಡಿಮೆ ಆಗಲಿಲ್ಲ, ಇನ್ನೂ ಜಾಸ್ತಿ ಆಯ್ತು. ಇನ್ನೇನು ಹಾಕಲಿ?

ಉತ್ತರ: ಸದ್ಯಕ್ಕೆ ಏನೂ ಹಾಕಬೇಡಿ. ನೀರನ್ನೂ ಹಾಕಬೇಡಿ.

ಮಳೆಗಾಲ ಶುರುವಾಯಿತು ಅಂದರೆ ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ಕೇಳುವವರು ಬೇರೆ ಬೇರೆ, ಗಿಡಗಳು ಬೇರೆ ಬೇರೆ. ಮನಿ ಪ್ಲಾಂಟ್, ತುಳಸಿ, ದೊಡ್ಡಪತ್ರೆ, ಈಚೆಗೆ ಎಲ್ಲರ ಮನೆಯಲ್ಲೂ ಇರುವ ಸ್ನೇಕ್ ಪ್ಲಾಂಟ್. ಆದರೆ ಕಥೆ ಒಂದೇ. ನನಗೆ ಬರೆಯುವ ಹೊತ್ತಿಗೆ ಆ ಕುಂಡಕ್ಕೆ ಮೂರು ನಾಲ್ಕು ಬಗೆಯ ಪದಾರ್ಥ ಬಿದ್ದಿರುತ್ತದೆ, ಮಣ್ಣು ಮಾತ್ರ ಒಂದು ದಿನವೂ ಒಣಗಿರುವುದಿಲ್ಲ.

ಮೊದಲು ಹುಳ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ನೀವು ಹೇಳುತ್ತಿರುವುದು ಫಂಗಸ್ ನ್ಯಾಟ್ ಅನ್ನುವ ನೊರಜು. 2ರಿಂದ 4 ಮಿಲಿಮೀಟರ್ ಉದ್ದ, ಸಪೂರ ಮೈ, ಉದ್ದ ಕಾಲು. ನೋಡಿದರೆ ಮರಿಸೊಳ್ಳೆ ಅನ್ನಿಸುತ್ತದೆ, ಆದರೆ ಕಚ್ಚುವುದಿಲ್ಲ. ಜೋರಾಗಿ ಹಾರಲೂ ಬರುವುದಿಲ್ಲ, ಮಣ್ಣಿನ ಮೇಲೆ ಓಡಾಡುವುದೇ ಹೆಚ್ಚು. ಬಾಳೆಹಣ್ಣಿನ ಸುತ್ತ ಹಾರುವ ಕೆಂಪು ಕಣ್ಣಿನ ನೊಣ ಬೇರೆ, ಅದಕ್ಕೂ ನಿಮ್ಮ ಕುಂಡಕ್ಕೂ ಸಂಬಂಧ ಇಲ್ಲ.

ಮಣ್ಣಿನ ಒಳಗಿನ ಬಿಳಿ ಹುಳದ ಗುರುತು ಹಿಡಿಯಲು ಒಂದು ಆಲೂಗಡ್ಡೆ ಸಾಕು. ಸಿಪ್ಪೆ ತೆಗೆದು ಅರ್ಧ ಇಂಚು ದಪ್ಪದ ಬಿಲ್ಲೆ ಮಾಡಿ, ಮಣ್ಣಿನ ಮೇಲೆ ಒತ್ತಿ ಇಡಿ. ಎರಡು ಮೂರು ದಿನ ಬಿಟ್ಟು ಎತ್ತಿ, ಅಡಿಭಾಗಕ್ಕೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ನೊರಜಿನ ಮರಿ ಇದ್ದರೆ ಅಲ್ಲಿ ಅಂಟಿಕೊಂಡು ಹೊರಳಾಡುತ್ತಿರುತ್ತದೆ. ಮೈ ಎಷ್ಟು ತೆಳು ಅಂದರೆ ಹೊಟ್ಟೆಯೊಳಗಿನ ಕಪ್ಪು ಗೆರೆ ಹೊರಗೆ ಕಾಣುತ್ತದೆ. ಕಾಲಿಲ್ಲ. ತಲೆ ಮಾತ್ರ ಹೊಳೆಯುವ ಕಪ್ಪು. ಆ ಕಪ್ಪು ತಲೆಯೇ ಗುರುತು. ತಲೆ ಕಪ್ಪಿಲ್ಲದೆ, ಮುಟ್ಟಿದರೆ ಟಣ್ಣನೆ ನೆಗೆದರೆ ಅದು ಸ್ಪ್ರಿಂಗ್‌ಟೇಲ್. ಕೊಳೆತದ್ದನ್ನು ತಿಂದುಕೊಂಡಿರುವ ಪಾಪದ ಜೀವಿ, ಅದರ ಪಾಡಿಗೆ ಬಿಡಿ. ದಪ್ಪಗೆ ಇಂಗ್ಲಿಷಿನ 'ಸಿ' ಆಕಾರದಲ್ಲಿ ಮುದುಡಿದ್ದರೆ ಗೊಣ್ಣೆ ಹುಳ. ಅದು ಸಾಮಾನ್ಯವಾಗಿ ಸಗಣಿ ಗೊಬ್ಬರದ ಜೊತೆ ಬಂದಿರುತ್ತದೆ, ಕೈಯಲ್ಲೇ ಆರಿಸಿ ತೆಗೆಯಿರಿ. ಬೇರಿನ ಮೇಲೆ ಬಿಳಿ ಹತ್ತಿ ಮೆತ್ತಿದಂತಿದ್ದು ಕುಂಡದಲ್ಲಿ ಇರುವೆ ಓಡಾಡುತ್ತಿದ್ದರೆ ಹಿಟ್ಟು ತಿಗಣೆ ಇರಬಹುದು. ಆಗ ಮಣ್ಣು ಪೂರ್ತಿ ಬದಲಿಸಿ ಬೇರು ತೊಳೆಯುವುದೇ ಸರಿ.

ಈಗ ಬೇವಿನ ಹಿಂಡಿಗೆ ಬರೋಣ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಯಾಕೆಂದರೆ "ಬೇವು ಅಂದ್ಮೇಲೆ ಹುಳ ಸಾಯಲೇಬೇಕಲ್ವಾ" ಅನ್ನುವ ನಂಬಿಕೆಯಷ್ಟು ಗಟ್ಟಿ ನಂಬಿಕೆ ತೋಟದ ಕೆಲಸದಲ್ಲಿ ಇನ್ನೊಂದನ್ನು ನಾನು ನೋಡಿಲ್ಲ.

ಬೇವಿನ ಬೀಜದಲ್ಲಿ ಅಜಾಡಿರಾಕ್ಟಿನ್ ಅನ್ನುವ ಅಂಶ ಇದೆ, ಅದು ಹುಳಗಳಿಗೆ ಆಗಿಬರುವುದಿಲ್ಲ, ಇದೆಲ್ಲ ನಿಜ. ಆದರೆ ಅದು ಮುಟ್ಟಿದ ಕೂಡಲೇ ಕೊಲ್ಲುವ ವಿಷ ಅಲ್ಲ. ಮರಿಹುಳ ಪೊರೆ ಬಿಟ್ಟು ಬೆಳೆಯುವುದಕ್ಕೆ ಅಡ್ಡಿ ಮಾಡುತ್ತದೆ. ಹಾಗೆ ಆಗಬೇಕಾದರೆ ಸಾಕಷ್ಟು ಪ್ರಮಾಣದಲ್ಲಿ ಮರಿಯ ಮೈಗೆ ತಲುಪಬೇಕು. ಹಿಂಡಿಯಲ್ಲಿ ಅದು ಎಷ್ಟಿದೆ ಅನ್ನುವುದು ಚೀಲದಿಂದ ಚೀಲಕ್ಕೆ ಬದಲಾಗುತ್ತದೆ. ಅಂಗಡಿಯ ಮುಂದೆ ಬಿಸಿಲಲ್ಲಿ ತಿಂಗಳುಗಟ್ಟಲೆ ಕೂತ ಚೀಲವಾದರೆ ಇನ್ನೂ ಕಡಿಮೆ, ಯಾಕೆಂದರೆ ಬಿಸಿಲಿಗೆ, ಶಾಖಕ್ಕೆ ಅಜಾಡಿರಾಕ್ಟಿನ್ ಹಾಳಾಗುತ್ತದೆ. ಉಳಿದ ಹಿಂಡಿ ಏನು? ಬೀಜದ ಗಸಿ. ಸಾರಜನಕ ಇರುವ ಒಳ್ಳೆ ಗೊಬ್ಬರ.

ಆ ಗೊಬ್ಬರವನ್ನು ನೀವು ಎಲ್ಲಿ ಹಾಕಿದಿರಿ? ಸದಾ ತೇವ ಇರುವ, ಗಾಳಿಯಾಡದ, ಬಿಸಿಲು ಬೀಳದ ಕುಂಡದ ಮೇಲ್ಮೈಗೆ. ನಾಲ್ಕೈದು ದಿನ ಬಿಟ್ಟು ಹತ್ತಿರದಿಂದ ನೋಡಿ. ಹಿಂಡಿಯ ಹರಳಿನ ಮೇಲೆಲ್ಲ ಬಿಳಿ ಬೂಷ್ಟು ಬಂದಿರುತ್ತದೆ, ಹರಳುಗಳು ಒಂದಕ್ಕೊಂದು ಅಂಟಿ ಹೆಪ್ಪಾಗಿರುತ್ತವೆ. ಫಂಗಸ್ ನ್ಯಾಟ್‌ನ ಮರಿಗಳು ಮುಖ್ಯವಾಗಿ ತಿನ್ನುವುದೇ ಬೂಷ್ಟು ಮತ್ತು ಕೊಳೆಯುತ್ತಿರುವ ಪದಾರ್ಥ. ತಾಯಿ ನೊರಜು ಆ ವಾಸನೆ ಹಿಡಿದೇ ಮೊಟ್ಟೆ ಇಡಲು ಬರುತ್ತದೆ. ಅಲ್ಲಿಗೆ ನೀವು ಹಾಕಿದ್ದು ಔಷಧಿ ಆಗಲಿಲ್ಲ, ಊಟ ಆಯಿತು. ಜಾಸ್ತಿ ಆಗಿದ್ದು ಅದಕ್ಕೇ.

ಇಷ್ಟು ಹೇಳಿದ ಮೇಲೆ ಬರುವ ಮಾತು ನನಗೆ ಗೊತ್ತು. "ಊರಲ್ಲಿ ನಮ್ಮ ಅಜ್ಜ ಹಾಕ್ತಿದ್ರು, ಚೆನ್ನಾಗೇ ಇತ್ತಲ್ಲ." ಹೌದು, ಚೆನ್ನಾಗೇ ಇತ್ತು. ಅಜ್ಜ ಹಾಕುತ್ತಿದ್ದದ್ದು ಹೊಲಕ್ಕೆ, ನಾಟಿಗೆ ಮುಂಚೆ, ಮಣ್ಣಿನ ಒಳಗೆ ಬೆರೆಯುವ ಹಾಗೆ. ಅಲ್ಲಿ ಮೇಲ್ಮಣ್ಣು ಮಧ್ಯಾಹ್ನದ ಹೊತ್ತಿಗೆ ಒಣಗಿರುತ್ತದೆ. ಟೊಮೆಟೊ, ಬದನೆಯ ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳದ ಕಾಟಕ್ಕೆ ಹೀಗೆ ಮುಂಚೆಯೇ ಬೇವಿನ ಹಿಂಡಿ ಬೆರೆಸುವುದನ್ನು ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ, ಮಹಡಿ ತೋಟ ಮಾಡುವವರಿಗೆ ನಾನೂ ಹೇಳುತ್ತೇನೆ. ಬೇವಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ತಪ್ಪಿರುವುದು ಹಾಕುವ ಜಾಗದಲ್ಲಿ, ಹಾಕುವ ಹೊತ್ತಿನಲ್ಲಿ. ಒದ್ದೆ ಕುಂಡದ ಮೇಲೆ ಉದುರಿಸಿ ನೊರಜು ಸಾಯಲಿ ಅಂತ ಕಾಯುವುದು ಮಾತ್ರ ಆಗದ ಕೆಲಸ.

ಬೇವಿನ ಎಣ್ಣೆಯನ್ನು ಎಲೆಗೆ ಸ್ಪ್ರೇ ಮಾಡುವುದೂ ಅಷ್ಟೇ. ಎಲೆಯ ಮೇಲಿನ ಹೇನಿಗೆ ಅದು ಸರಿ. ಈ ಮರಿ ಇರುವುದು ಮಣ್ಣಿನ ಮೇಲಿನ ಎರಡು ಇಂಚಿನಲ್ಲಿ. ಬೇವನ್ನೇ ಬಳಸಬೇಕು ಅಂತಿದ್ದರೆ ಅಜಾಡಿರಾಕ್ಟಿನ್ ಪ್ರಮಾಣ ಬರೆದಿರುವ ದ್ರವ ಔಷಧಿ ತೆಗೆದುಕೊಳ್ಳಿ. ಬಾಟಲಿಯ ಮೇಲೆ 300, 1500 ಅಥವಾ 10000 ಪಿಪಿಎಂ ಅಂತ ಇರುತ್ತದೆ. ಲೇಬಲ್ ಅಳತೆಯಂತೆ ನೀರಿಗೆ ಬೆರೆಸಿ ಮಣ್ಣಿಗೇ ಹಾಕಿ. ಅದರಿಂದ ಸ್ವಲ್ಪ ಉಪಯೋಗ ಇದೆ. ಚಹಾ ಚರಟ, ಕಾಫಿ ಗಸಿ, ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ ಇವೆಲ್ಲಕ್ಕೂ ಹಿಂಡಿಗೆ ಹೇಳಿದ್ದೇ ಉತ್ತರ: ಮನೆಯೊಳಗಿನ ಕುಂಡದ ಮೇಲೆ ಬೇಡ.

ಹಾಗಾದರೆ ಮಾಡಬೇಕಾದ್ದು ಏನು? ಮೇಲೆ ಕಾಣುವ ಹಿಂಡಿ, ಬೂಷ್ಟು, ಪಾಚಿ ಎಲ್ಲ ಸೇರಿಸಿ ಒಂದಿಂಚು ಮಣ್ಣು ಕೆರೆದು ತೆಗೆಯಿರಿ. ಆಮೇಲೆ ಕುಂಡ ಒಣಗಲು ಬಿಡಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಚುಚ್ಚಿ ನೋಡಿ, ತೇವ ಹತ್ತಿದರೆ ನೀರು ಬೇಡ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಜಾಸ್ತಿ ಇರುವ ಕುಂಡದಲ್ಲಿ ಮೋಸ ಆಗುತ್ತದೆ, ಮೇಲೆ ಒಣಗಿ ಕಂದು ಬಣ್ಣಕ್ಕೆ ಬಂದಿರುತ್ತದೆ, ಒಳಗೆ ಒದ್ದೆ. ಅದಕ್ಕೆ ಕುಂಡ ಎತ್ತಿ ತೂಕ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್‌ಗೆ ಈ ಒಣಗುವಿಕೆಯಿಂದ ಏನೂ ಆಗುವುದಿಲ್ಲ. ಮೊಟ್ಟೆಗಳಿಗೆ, ಸಣ್ಣ ಮರಿಗಳಿಗೆ ಒಣ ಮಣ್ಣಲ್ಲಿ ಉಳಿಗಾಲ ಇಲ್ಲ. ತಟ್ಟೆಯಲ್ಲಿ ನಿಂತ ನೀರನ್ನೂ ಚೆಲ್ಲಿ.

ಹಾರುವವುಗಳಿಗೆ ಹಳದಿ ಅಂಟು ಕಾರ್ಡ್ ಇಡಿ, ಮಣ್ಣಿಗೆ ಹತ್ತಿರವಾಗಿ. ಕಾರ್ಡ್ ತುಂಬಿದ್ದು ನೋಡಿ ಗೆದ್ದೆವು ಅಂದುಕೊಳ್ಳಬೇಡಿ. ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ, ಮೊಟ್ಟೆಯಿಂದ ನೊರಜಾಗಲು ಸುಮಾರು ಮೂರರಿಂದ ನಾಲ್ಕು ವಾರ. ಹಾಗಾಗಿ ಏನು ಮಾಡಿದರೂ ಒಂದು ತಿಂಗಳು ಬಿಡದೆ ಮಾಡಬೇಕು. ಹತ್ತು ದಿನಕ್ಕೆ ಬೇಸತ್ತು ಬಿಟ್ಟವರೇ ಮತ್ತೆ ಬರೆಯುತ್ತಾರೆ.

ಸಸಿ, ಕಡ್ಡಿ ನೆಟ್ಟ ಕುಂಡಗಳನ್ನು ಅಷ್ಟು ಒಣಗಿಸಲು ಆಗುವುದಿಲ್ಲ. ನಿಜವಾದ ಹಾನಿ ಆಗುವುದೂ ಅವಕ್ಕೇ, ಎಳೆ ಬೇರಿನ ರೋಮವನ್ನು ಮರಿಗಳು ತಿಂದು ಹಾಕುತ್ತವೆ. ಅಲ್ಲಿ ಬಿಟಿಐ (ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್) ಬಳಸಿ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಇದು. ನಮ್ಮಲ್ಲಿ ಸೊಳ್ಳೆ ಮರಿ ಕೊಲ್ಲಲು ನಿಂತ ನೀರಿಗೆ ಹಾಕುವುದೂ ಇದನ್ನೇ. ಮರಿ ಇದನ್ನು ತಿಂದರೆ ಕರುಳು ಹಾಳಾಗಿ ಸಾಯುತ್ತದೆ. ಮೊಟ್ಟೆಗೆ, ಹಾರುವ ನೊರಜಿಗೆ ಏನೂ ಆಗುವುದಿಲ್ಲ, ಅದಕ್ಕೇ ವಾರಕ್ಕೊಮ್ಮೆ, ಮೂರು ನಾಲ್ಕು ವಾರ ಕೊಡಬೇಕು. ಕೊಳ್ಳುವಾಗ ಲೇಬಲ್ ಓದಿ. 'ಇಸ್ರೇಲೆನ್ಸಿಸ್' ಅಂತ ಇರಬೇಕು. 'ಕುರ್ಸ್ಟಾಕಿ' ಅಂತ ಇದ್ದರೆ ಅದು ಇದೇ ಬ್ಯಾಕ್ಟೀರಿಯಾದ ಇನ್ನೊಂದು ಬಗೆ, ಎಲೆ ತಿನ್ನುವ ಕಂಬಳಿಹುಳದಂಥವಕ್ಕೆ, ನೊರಜಿಗೆ ನಾಟುವುದಿಲ್ಲ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಯಾರಾದರೂ ಫೋರೇಟ್ ಅನ್ನುವ ಕೀಟನಾಶಕದ ಹರಳು ತಂದುಕೊಟ್ಟರೆ ಮುಟ್ಟಬೇಡಿ. ಅದು ಮನುಷ್ಯರಿಗೂ ಕಡು ವಿಷ. 2020ರ ಕೊನೆಯಿಂದ ದೇಶದಲ್ಲೇ ನಿಷೇಧ ಆಗಿದೆ, ಹಳೇ ದಾಸ್ತಾನು ಎಲ್ಲೋ ಮೂಲೆಯಲ್ಲಿ ಉಳಿದಿರುತ್ತದೆ. ಮಗುವಿಗೆ ಕೆಮ್ಮು ಅಂತ ದೊಡ್ಡಪತ್ರೆ ಕೀಳುವ ಕುಂಡ ಅದು.

ಮಣ್ಣು ಒಣಗುವುದೇ ಇಲ್ಲ ಅನ್ನುವವರು ಕುಂಡದ ತಳ ನೋಡಬೇಕು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೀರು ಇಳಿಯಲಿ ಅಂತ ಬಹಳ ಜನ ತಳಕ್ಕೆ ಎರಡಿಂಚು ಜಲ್ಲಿ ತುಂಬುತ್ತಾರೆ. ಅದರಿಂದ ಆಗುವುದು ಉಲ್ಟಾ. ಸಣ್ಣ ಕಣದ ಮಣ್ಣು ಹಿಡಿದ ನೀರು ದೊಡ್ಡ ಸಂದಿರುವ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ಮಣ್ಣಿನಲ್ಲಿ ನಿಲ್ಲುತ್ತದೆ. ಅಡುಗೆಮನೆಯ ಸ್ಪಂಜಿನಲ್ಲಿ ನೋಡಿ. ಪೂರ್ತಿ ನೆನೆಸಿ ಅಡ್ಡಲಾಗಿ ಹಿಡಿಯಿರಿ, ತೊಟ್ಟಿಕ್ಕುವುದು ನಿಲ್ಲಲಿ. ಈಗ ನೆಟ್ಟಗೆ ನಿಲ್ಲಿಸಿ, ಮತ್ತೆ ನೀರು ಸುರಿಯುತ್ತದೆ. ಎತ್ತರ ಜಾಸ್ತಿ ಇದ್ದಷ್ಟೂ ನೀರು ಹೆಚ್ಚು ಇಳಿಯುತ್ತದೆ. ಜಲ್ಲಿ ತುಂಬಿದಾಗ ನೀವು ಮಣ್ಣಿನ ಎತ್ತರವನ್ನು ಕಡಿಮೆ ಮಾಡಿದಿರಿ, ಒದ್ದೆ ಪದರವನ್ನು ಮೇಲಕ್ಕೆ ತಂದಿರಿ, ನೊರಜಿಗೂ ಹತ್ತಿರ ಮಾಡಿದಿರಿ.

ಜಲ್ಲಿ ತೆಗೆದುಬಿಡಿ. ತೂತಿನ ಮೇಲೆ ಸೊಳ್ಳೆ ಪರದೆಯ ಒಂದು ತುಂಡು ಹಾಕಿ, ಮಣ್ಣು ಸೋರದಿದ್ದರೆ ಸಾಕು. ನೀರು ಬೇಗ ಇಳಿಯಬೇಕಾದರೆ ಇಡೀ ಮಿಶ್ರಣವನ್ನೇ ಸಡಿಲ ಮಾಡಬೇಕು. ಕೋಕೋಪೀಟ್ ಕಡಿಮೆ ಮಾಡಿ, ದಪ್ಪ ಮರಳು ಅಥವಾ ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳು ಬೆರೆಸಿ. ಎರೆಗೊಬ್ಬರವನ್ನು ಮೇಲೆ ಉದುರಿಸಬೇಡಿ, ಒಳಗೆ ಸೇರಿಸಿ, ಅದೂ ಗೊಬ್ಬರ ಚೆನ್ನಾಗಿ ಕಳಿತಿದ್ದರೆ ಮಾತ್ರ. ಮಳೆಗಾಲದಲ್ಲಿ ಮಣ್ಣು ಬದಲಿಸಿದರೆ ಬೇರು ಹಿಡಿಯುವುದು ನಿಧಾನ ಅಂತ ಕೆಲವರು ಮುಂದೂಡುತ್ತಾರೆ. ಮನಿ ಪ್ಲಾಂಟ್ ಆದರೆ ಕಾಯಬೇಡಿ, ಈ ಭಾನುವಾರವೇ ಮಾಡಿ.