ಪದ ಪರಿಚಯ: ವಚನಭ್ರಷ್ಟ

ಮಳೆಗಾಲದಲ್ಲಿ ಶಿರಸಿ ಸೀಮೆಯ ಅಡಿಕೆ ತೋಟದವರು ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಮಾತು ನಂಬಿ ಕೂತಿರುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕಿ ಮಾಡಿದ ಬೋರ್ಡೋ ದ್ರಾವಣವನ್ನು ಅವತ್ತೇ ಹೊಡೆಯಬೇಕು. ಇಟ್ಟರೆ ಗುಣ ಕೆಡುತ್ತದೆ, ಅಡಿಕೆಗೆ ಕೊಳೆರೋಗ ಬರುತ್ತದೆ. ಹೋದ ವರ್ಷ ನಮ್ಮ ಡ್ರಮ್ಮಿನಲ್ಲಿ ನೀಲಿ ಮದ್ದು ತುಂಬಿತ್ತು, ಮಳೆಯೂ ಬಿಟ್ಟು ಹೊಳವಾಗಿತ್ತು, ಬರಬೇಕಾದವನು ಮಾತ್ರ ಬರಲಿಲ್ಲ. ಪಕ್ಕದ ಮನೆಯ ಅತ್ತೆ ಬೇಲಿಯಾಚೆಯಿಂದ ಕೇಳಿದರು: “ಬತ್ತಿ ಹೇಳಿದ್ದ, ಬಂಜ್ನಿಲ್ಯ?” (ಬರುತ್ತೇನೆ ಎಂದಿದ್ದ, ಬಂದಿಲ್ಲವೇ?)

ಇಂಥ ಹೊತ್ತಿಗೆ ನಾವು ‘ಕೈಕೊಟ್ಟ’ ಎನ್ನುತ್ತೇವೆ. ಮಳೆಯೂ ಕೈಕೊಡುತ್ತದೆ, ಕರೆಂಟೂ ಕೈಕೊಡುತ್ತದೆ. ಅದರಲ್ಲಿ ದೊಡ್ಡ ಆರೋಪವಿಲ್ಲ. ‘ಮಾತು ತಪ್ಪಿದ’ ಎಂದರೆ ಅದಕ್ಕಿಂತ ಗಟ್ಟಿ. ‘ವಚನಭ್ರಷ್ಟ’ ಎಂದುಬಿಟ್ಟರೆ ಮತ್ತೆ ಮುಖ ಕೊಟ್ಟು ಮಾತಾಡುವುದು ಕಷ್ಟ.

ಭ್ರಷ್ಟ ಎಂದರೆ ಈಗ ಲಂಚ ತಿನ್ನುವವನೇ ಕಣ್ಣಮುಂದೆ ಬರುತ್ತಾನೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಜಾರಿದವನು, ಕೆಳಗೆ ಬಿದ್ದವನು. ಪದವಿಯಿಂದ ಬಿದ್ದವನು ಪದಭ್ರಷ್ಟ, ಕೊಟ್ಟ ಮಾತಿನಿಂದ ಬಿದ್ದವನು ವಚನಭ್ರಷ್ಟ. ನನಗೆ ಈ ಪದ ಹಿಡಿಸುವುದು ಇಲ್ಲಿಯೇ. ‘ವಚನಭಂಗ’ದಲ್ಲಿ ಮುರಿಯುವುದು ಮಾತು. ವಚನಭ್ರಷ್ಟನ ಮಾತಾದರೋ ಇದ್ದಲ್ಲೇ ನಿಂತಿದೆ, ಉರುಳಿದವನು ಆಡಿದವನು. ಅಚ್ಚಗನ್ನಡದ ‘ತಪ್ಪು’ ಕೂಡ ಹಾಗೆಯೇ: ಹೆಜ್ಜೆ ತಪ್ಪಿತು, ದಾರಿ ತಪ್ಪಿತು, ಮಾತಿಗೆ ತಪ್ಪಿದ.

ಬಳಸುವಾಗ ವಚನಭಂಗ ಕೃತ್ಯಕ್ಕೆ, ವಚನಭ್ರಷ್ಟ ಮನುಷ್ಯನಿಗೆ. ಹೆಂಗಸಾದರೆ ವಚನಭ್ರಷ್ಟೆ. 2007ರಲ್ಲಿ ರಾಜ್ಯದ ಮೈತ್ರಿ ಸರ್ಕಾರ ಅಧಿಕಾರ ಹಸ್ತಾಂತರದ ಜಗಳದಲ್ಲಿ ಬಿದ್ದಾಗ ಈ ಪದ ಮನೆಮನೆಯ ಮಾತಾಯಿತು. ಆಮೇಲೆ ಅದನ್ನು ಕಂಡಕಂಡವರಿಗೆ ಅಂಟಿಸುವ ಚಾಳಿ ಬಂದಿದೆ, ಅದು ನನಗೆ ಸರಿ ಕಾಣುವುದಿಲ್ಲ. ಉಳಿಸಿಕೊಳ್ಳಲು ಸಾಧ್ಯವಿದ್ದೂ ಮಾತನ್ನು ಬಿಟ್ಟವನಿಗೆ ಮಾತ್ರ ಅದು ಸಲ್ಲುತ್ತದೆ. ನಮ್ಮ ಕೊನೆಗೌಡ ಮೂರನೇ ದಿನ ಬಂದ. ಮಗಳಿಗೆ ಜ್ವರ ಏರಿ ಆಸ್ಪತ್ರೆಯಲ್ಲಿದ್ದನಂತೆ.

ಈ ಪದದ ತೂಕ ಗೊತ್ತಾಗಬೇಕಾದರೆ ನಮ್ಮ ಕಡೆಯ ತಾಳಮದ್ದಳೆಗೆ, ಅಂದರೆ ವೇಷ ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗಿ ಕೂರಬೇಕು. ಕುರುಕ್ಷೇತ್ರದಲ್ಲಿ ಆಯುಧ ಹಿಡಿಯುವುದಿಲ್ಲ ಎಂದಿದ್ದ ಕೃಷ್ಣ, ಅವನಿಂದ ಆಯುಧ ಹಿಡಿಸಿಯೇ ಸಿದ್ಧ ಎಂದು ಪ್ರತಿಜ್ಞೆ ಮಾಡಿದ್ದ ಭೀಷ್ಮನ ಮೇಲೆ ಚಕ್ರ ಎತ್ತಿ ಬರುತ್ತಾನೆ. ಮಾತು ತಪ್ಪಿದೆಯಲ್ಲ ಎಂದು ಭೀಷ್ಮ ಕೇಳಿದರೆ, ನಿನ್ನ ಪ್ರತಿಜ್ಞೆ ಉಳಿಯಲೆಂದು ನನ್ನದನ್ನು ಬಿಟ್ಟೆ ಎನ್ನುತ್ತಾನೆ ಕೃಷ್ಣ. ಈ ಪಾತ್ರಗಳ ಮಾತಾಡುವ ಇಬ್ಬರೂ ಒಳ್ಳೆಯ ಅರ್ಥಧಾರಿಗಳಾದರೆ ಈ ಒಂದು ವಾದಕ್ಕೇ ಅರ್ಧ ರಾತ್ರಿ ಹೋಗುತ್ತದೆ.